ಪೆಟ್ಟಿಗೆಯಲ್ಲಿ ಹೊತ್ತ ದುಃಖ

ತಿಪಟೂರು, ತುರುವೇಕೆರೆ, ಸಂಪಿಗೆಯ ನಮ್ಮ ತೆಂಗಿನ ಸೀಮೆಯಲ್ಲಿ ಸಾವು ಒಂದೇ ಮನೆಯದಾಗಿ ಉಳಿಯುವುದಿಲ್ಲ. ಸುದ್ದಿ ಮುಟ್ಟಿದೊಡನೆ ಕಾಯಿ ಸುಲಿಯುವವರ ಕೈ ನಿಲ್ಲುತ್ತದೆ. ನೆರೆಮನೆಯ ಒಲೆಯಲ್ಲಿ ಅನ್ನ ಬೇಯುತ್ತದೆ. ಹೆಗಲು ಕೊಡಲು ನಾಲ್ವರ ಬದಲು ನಲವತ್ತು ಮಂದಿ ಸೇರುತ್ತಾರೆ. ಹೆಗಲು ಕೊಡಲು ಒಬ್ಬರೂ ಇಲ್ಲದ ತಂದೆಯೊಬ್ಬನ ಕಥೆಯನ್ನು ಹೇಳುವ ಚಿತ್ರ 'ಹರಿವು'.

ಮಂಸೋರೆ ಅವರು ನಿರ್ದೇಶಿಸಿದ ಈ ಮೊದಲ ಚಿತ್ರವು 2014ನೇ ಸಾಲಿನ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಕಥೆಗೆ ಆಧಾರ ನಡೆದ ಘಟನೆಯೇ. ಉತ್ತರ ಕರ್ನಾಟಕದ ಬಡ ರೈತನೊಬ್ಬ ಕಾಯಿಲೆಯ ಮಗನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆತರುತ್ತಾನೆ. ಮಗ ಉಳಿಯುವುದಿಲ್ಲ. ವಾಹನದ ಬಾಡಿಗೆಗೆ ಹಣವಿಲ್ಲದ ತಂದೆ, ಮಗನ ದೇಹವನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಬಸ್ಸಿನಲ್ಲಿ ಊರಿಗೆ ಹೊರಡುತ್ತಾನೆ.

ದುಡಿದು ದಣಿದವರಿಗೆ ಇಂಥ ಚಿತ್ರವೇಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಅಟ್ಟದ ಮೇಲಿನ ಕಾಯಿಯನ್ನು ನಾವು ಬಲ್ಲೆವು. ಹತ್ತು ಹನ್ನೊಂದು ತಿಂಗಳ ಕಾಲ ಅದರೊಳಗಿನ ನೀರು ಯಾರಿಗೂ ಕಾಣದಂತೆ ಇಂಗುತ್ತದೆ. ಹೊರಗಿನ ಸಿಪ್ಪೆ ಏನನ್ನೂ ಹೇಳುವುದಿಲ್ಲ. ಬಡವನ ಶೋಕವೂ ಹಾಗೆಯೇ. ಆ ತಂದೆ ತನ್ನ ದುಃಖವನ್ನು ಸಹಪ್ರಯಾಣಿಕರಿಗೆ ಹೇಗೆ ಹೇಳಿಕೊಂಡಾನು? ಹೇಳಿದರೆ ಪೆಟ್ಟಿಗೆಯನ್ನು ಇಳಿಸೆಂದಾರು. ತುಂಬಿದ ಬಸ್ಸಿನಲ್ಲಿ ಅವನು ಒಂಟಿ. ಚಿತ್ರ ನೋಡಿದ ಮೇಲೆ, ಪ್ರಯಾಣದಲ್ಲಿ ಪಕ್ಕದಲ್ಲಿ ಮೌನವಾಗಿ ಕುಳಿತ ಅಪರಿಚಿತನನ್ನು ನಾವು ಮೊದಲಿನಂತೆ ಕಾಣಲಾರೆವು. ಈ ಚಿತ್ರದ ನಿಜವಾದ ಬೆಲೆ ಇದೇ.

ತಂದೆಯ ಪಾತ್ರವಹಿಸಿದವರು ಸಂಚಾರಿ ವಿಜಯ್. ಅವರು ನಮ್ಮ ನೆರೆಯ ಕಡೂರು ತಾಲ್ಲೂಕಿನವರು. 'ನಾನು ಅವನಲ್ಲ... ಅವಳು' ಚಿತ್ರಕ್ಕಾಗಿ ಅದೇ ವರ್ಷದ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯನ್ನು ಪಡೆದವರು. 2021ರ ಜೂನ್‌ನಲ್ಲಿ ರಸ್ತೆ ಅಪಘಾತಕ್ಕೆ ಸಿಲುಕಿ ಅವರು ತೀರಿಕೊಂಡಾಗ, ಕುಟುಂಬದವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ತಮ್ಮ ಮನೆಯ ದುಃಖದ ನಡುವೆಯೂ ಬೇರೆ ಮನೆಗಳ ಅಳುವನ್ನು ತಡೆಯಲು ಬಯಸಿದರು.

ಲಾಜರನ ಸಮಾಧಿಯ ಬಳಿ ಪ್ರಭು ಯೇಸು ಕಣ್ಣೀರಿಟ್ಟರು. ನಾಯಿನ್ ಊರಿನ ವಿಧವೆಯ ಮಗನ ಚಟ್ಟವನ್ನು ಮುಟ್ಟಿ ನಿಲ್ಲಿಸಿದರು. ಮೃತರನ್ನು ಹೂಳುವುದು, ದುಃಖಿತರನ್ನು ಸಂತೈಸುವುದು ಕರುಣೆಯ ಕಾರ್ಯಗಳೆಂದು ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಕಲಿತದ್ದು ನಮ್ಮ ಊರಿನ ಗಡಿಯಲ್ಲೇ ನಿಲ್ಲಬೇಕೇ? ದೂರದ ಆಸ್ಪತ್ರೆಯಿಂದ ಶವವನ್ನು ತರಲಾಗದ ಬಡವರಿಗಾಗಿ ಪ್ರತಿಯೊಂದು ಧರ್ಮಕೇಂದ್ರವೂ ಸಣ್ಣದೊಂದು ನಿಧಿಯನ್ನು ತೆಗೆದಿಡಬಾರದೇ? ಅವರು ಯಾವ ಮತದವರಾದರೂ ಸರಿ.

ಬೆಳೆದ ಮಕ್ಕಳೊಡನೆ ಕುಳಿತು ಈ ಚಿತ್ರವನ್ನು ನೋಡಿರಿ. ಮುಗಿದ ಮೇಲೆ ದೀಪವನ್ನು ಒಡನೆಯೇ ಹೊತ್ತಿಸಬೇಡಿರಿ. ಆ ತಂದೆ ನಮ್ಮ ಬಸ್ಸಿನಲ್ಲಿದ್ದರೆ ನಾವು ಏನು ಮಾಡುತ್ತಿದ್ದೆವು ಎಂದು ಮಕ್ಕಳನ್ನು ಕೇಳಿರಿ, ನೀವೂ ಉತ್ತರಿಸಿರಿ.