ಕಾಬೂಲಿನ ಬದನೆ, ಪ್ಯಾರಿಸ್ಸಿನ ಬದನೆ

ನಮ್ಮ ಹೆದ್ದಾರಿಗಳ ಬದಿಯ ಹೋಟೆಲುಗಳ ಮುಂದೆ ‘ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್’ ಎಂಬ ತ್ರಿವೇಣಿ ಸಂಗಮದ ಫಲಕವನ್ನು ಕಂಡು ನಗದವರು ಯಾರು? ಎಲ್ಲವನ್ನೂ ಮಾಡುತ್ತೇನೆನ್ನುವ ಅಡುಗೆಮನೆಯಲ್ಲಿ ಯಾವುದೂ ಸರಿಯಾಗಿ ಬೇಯುವುದಿಲ್ಲವೆಂಬುದು ಅನುಭವಸ್ಥರ ಮಾತು. ಆದ್ದರಿಂದಲೇ, ಆಫ್ಘನ್ ಅಡುಗೆಯನ್ನೂ ಫ್ರೆಂಚ್ ಅಡುಗೆಯನ್ನೂ ಒಂದೇ ಸೂರಿನಡಿ ಬಡಿಸುವ ರೆಸ್ಟೋರೆಂಟಿನಲ್ಲಿ ಉಂಡು ಬಂದೆನೆಂದು ಹೇಳಿದಾಗ ನನ್ನ ನಿವೃತ್ತ ಮಿತ್ರರು ನಕ್ಕುಬಿಟ್ಟರು. “ತಾಳಕ್ಕೂ ಮೇಳಕ್ಕೂ ಹೊಂದಿಕೆಯೇ ಇಲ್ಲವಲ್ಲ ಮೇಷ್ಟ್ರೆ!” ಎಂದರು ಒಬ್ಬರು. ನನ್ನ ಅಭಿಪ್ರಾಯ ಬೇರೆಯಾಗಿದೆ. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ.

ಈ ಎರಡು ದೇಶಗಳ ನಂಟು ಶತಮಾನದಷ್ಟು ಹಳೆಯದು, ಮತ್ತು ಅದು ಬೆಸೆದದ್ದು ಒಂದು ಶಾಲೆಯ ಮೂಲಕ. 1919ರಲ್ಲಿ ಬ್ರಿಟಿಷರ ಹಿಡಿತದಿಂದ ಬಿಡಿಸಿಕೊಂಡ ಅಮಾನುಲ್ಲಾ ಖಾನನಿಗೆ ತನ್ನ ನಾಡನ್ನು ಆಧುನಿಕಗೊಳಿಸುವ ಹಂಬಲವಿತ್ತು. ಪಕ್ಕದಲ್ಲೇ ಇದ್ದ ಬ್ರಿಟಿಷ್ ಇಂಡಿಯಾದ ನೆರವು ಅವನಿಗೆ ಬೇಕಿರಲಿಲ್ಲ. 1922ರಲ್ಲಿ ಅವನು ಫ್ರೆಂಚರಿಗೆ ತನ್ನ ದೇಶದಲ್ಲಿ ಪುರಾತತ್ತ್ವ ಉತ್ಖನನದ ಹಕ್ಕನ್ನು ಕೊಟ್ಟನು. ಅದೇ ವರ್ಷ ಕಾಬೂಲಿನಲ್ಲಿ ಫ್ರೆಂಚ್ ಅಧ್ಯಾಪಕರಿದ್ದ ಅಮಾನಿಯಾ ಶಾಲೆ ಆರಂಭವಾಯಿತು. ಮುಂದೆ ಅದಕ್ಕೆ ಇಸ್ತಿಕ್ಲಾಲ್, ಅಂದರೆ ಸ್ವಾತಂತ್ರ್ಯ, ಎಂದು ಹೆಸರಾಯಿತು. ಹೆಣ್ಣುಮಕ್ಕಳಿಗೂ ಮಲಾಲಯಿ ಎಂಬ ಶಾಲೆಯಿತ್ತು. ಅಲ್ಲಿಯೂ ಫ್ರೆಂಚ್ ಕಲಿಸುತ್ತಿದ್ದರು. ಸೋವಿಯತ್ ಸೇನೆಯೊಡನೆ ಹೋರಾಡಿದ ಅಹ್ಮದ್ ಶಾ ಮಸೂದ್ ಇಸ್ತಿಕ್ಲಾಲಿನ ವಿದ್ಯಾರ್ಥಿ. ಅಲ್ಲಿಯೇ ಓದಿದ ಅತೀಕ್ ರಹೀಮಿ ದೇಶ ಬಿಟ್ಟು ಫ್ರಾನ್ಸಿನಲ್ಲಿ ಆಶ್ರಯ ಪಡೆದು, ಫ್ರೆಂಚಿನಲ್ಲೇ ಬರೆದ ಕಾದಂಬರಿಗೆ 2008ರಲ್ಲಿ ಆ ದೇಶದ ಅತ್ಯುನ್ನತ ಸಾಹಿತ್ಯ ಪುರಸ್ಕಾರಗಳಲ್ಲೊಂದಾದ ಗೊಂಕೂರ್ ಪ್ರಶಸ್ತಿಯನ್ನು ಪಡೆದರು.

ಇಷ್ಟನ್ನು ತಿಳಿದ ಮೇಲೆ ಆ ರೆಸ್ಟೋರೆಂಟಿನ ಫಲಕ ವಿಚಿತ್ರವಾಗಿ ಕಾಣುವುದಿಲ್ಲ. ನಾನು ಹೋದದ್ದು ಮಗನ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ. ಅಲ್ಲಿಯ ಫ್ರೀಮಾಂಟ್ ಪಟ್ಟಣದಲ್ಲಿ ಆಫ್ಘನ್ ಕುಟುಂಬಗಳು ಎಷ್ಟು ದಟ್ಟವಾಗಿ ನೆಲೆಸಿವೆಯೆಂದರೆ ಅದರ ಒಂದು ಭಾಗಕ್ಕೆ ‘ಲಿಟಲ್ ಕಾಬೂಲ್’ ಎಂಬ ಹೆಸರೇ ಬಂದಿದೆ. ಅದರ ಸುತ್ತಮುತ್ತಲಲ್ಲೇ ಇದ್ದ ಒಂದು ಚಿಕ್ಕ ಜಾಗ ಅದು. ಭಕ್ಷ್ಯಗಳ ಪಟ್ಟಿಯಲ್ಲಿ ಎಡಕ್ಕೆ ಆಫ್ಘನ್, ಬಲಕ್ಕೆ ಫ್ರೆಂಚ್.

ನನ್ನಂತಹ ಸಸ್ಯಾಹಾರಿಗೆ ಇಂತಹ ಕಡೆ ಊಟವೆಂದರೆ ಒಂದು ಸಣ್ಣ ವಿಚಾರಣೆಯೇ ಸರಿ. ಫ್ರೆಂಚರ ಪ್ರಸಿದ್ಧ ಈರುಳ್ಳಿ ಸೂಪನ್ನು ಸಾಂಪ್ರದಾಯಿಕವಾಗಿ ಮಾಂಸದ ಸಾರಿನಲ್ಲೇ ಮಾಡುತ್ತಾರೆ. ಕಾಬೂಲಿ ಪಲಾವಿನ ಗಜ್ಜರಿ, ಒಣದ್ರಾಕ್ಷಿಗಳ ಕೆಳಗೆ ಕುರಿಮಾಂಸವಿರುತ್ತದೆ. ಕಡೆಗೆ ನನಗೆ ದಕ್ಕಿದ್ದು ಎರಡು ಬದನೆಕಾಯಿಯ ಪದಾರ್ಥಗಳು. ಒಂದು ಆಫ್ಘನ್ನರ ‘ಬೊರಾನಿ ಬಾಂಜಾನ್’: ಹುರಿದ ಬದನೆ, ಟೊಮೆಟೊ, ಮೇಲೆ ಬೆಳ್ಳುಳ್ಳಿ ಬೆರೆಸಿದ ಗಟ್ಟಿ ಮೊಸರು. ಇನ್ನೊಂದು ದಕ್ಷಿಣ ಫ್ರಾನ್ಸಿನ ‘ರಾಟಟೂಯಿ’: ಬದನೆ, ಟೊಮೆಟೊ, ದಪ್ಪಮೆಣಸಿನಕಾಯಿಗಳನ್ನು ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ಪಲ್ಯ. ಭಾಷೆಯ ಮೇಷ್ಟ್ರಿಗೆ ಇದಕ್ಕಿಂತ ಸಂತೋಷದ ವಿಷಯ ಯಾವುದು? ಆಫ್ಘನ್ನರ ‘ಬಾಂಜಾನ್’, ಫ್ರೆಂಚರ ‘ಓಬರ್ಜೀನ್’ ಎರಡೂ ಒಂದೇ ಪದದ ಎರಡು ರೂಪಗಳು. ಸಂಸ್ಕೃತದ ‘ವಾತಿಂಗಣ’ ಪಾರಸಿಗೆ ಹೋಗಿ, ಅಲ್ಲಿಂದ ಅರಬ್ಬಿಗೆ, ಅರಬ್ಬಿಯಿಂದ ಸ್ಪೇನ್ ಕಡೆಯ ಭಾಷೆಗಳಿಗೆ, ಕೊನೆಗೆ ಫ್ರೆಂಚಿಗೆ ಸೇರಿತು. ಎಣ್ಣೆಗಾಯಿ ಉಂಡು ಬೆಳೆದ ನಾವು ಆ ಎರಡು ಬಟ್ಟಲುಗಳ ಮುಂದೆ ಪರಕೀಯರಾಗಿರಬೇಕಾದ ಕಾರಣವಿಲ್ಲ. ನಮ್ಮ ಸಾರಿನ ಒಗ್ಗರಣೆಗೆ ಬೀಳುವ ಇಂಗು ಕೂಡ ಬಹುಪಾಲು ಬರುವುದು ಆಫ್ಘಾನಿಸ್ತಾನ ಮತ್ತು ಅದರ ಸುತ್ತಲಿನ ನಾಡುಗಳಿಂದಲೇ.

ಯಜಮಾನರು ಐವತ್ತು ದಾಟಿದವರು. ಹಿಂದಿ ಸಿನಿಮಾಗಳಿಂದ ಕಲಿತ ಹಿಂದಿಯಲ್ಲಿ ಮಾತನಾಡಿಸಿದರು. ಎರಡು ದೇಶದ ಅಡುಗೆ ಏಕೆಂದು ಕೇಳಿದೆ. ತಾಯಿ ಮಲಾಲಯಿ ಶಾಲೆಯಲ್ಲಿ ಓದಿದವರೆಂದೂ, 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಬಂದ ಮೇಲೆ ಕುಟುಂಬ ದೇಶ ಬಿಟ್ಟಿತೆಂದೂ, ಕೆಲವು ವರ್ಷ ಫ್ರಾನ್ಸಿನಲ್ಲಿದ್ದಾಗ ಆ ತಾಯಿಗೆ ಅನ್ನ ಕೊಟ್ಟದ್ದು ಶಾಲೆಯಲ್ಲಿ ಕಲಿತ ಫ್ರೆಂಚ್ ಎಂದೂ ಹೇಳಿದರು. ನಾನು ಮೇಷ್ಟ್ರೆಂದು ತಿಳಿದ ಮೇಲೆ ನನ್ನನ್ನು ‘ಉಸ್ತಾದ್’ ಎಂದೇ ಕರೆದರು. ಕೊನೆಗೆ ಬಂದ ಏಲಕ್ಕಿಯ ಹಸಿರು ಚಹಾಕ್ಕೆ ಬಿಲ್ಲಿನಲ್ಲಿ ಬೆಲೆ ಹಾಕಿರಲಿಲ್ಲ.

ಇದರಿಂದ ಎಲ್ಲ ಬೆರಕೆ ಫಲಕಗಳೂ ಗೌರವಕ್ಕೆ ಅರ್ಹವೆಂದು ನಾನು ಹೇಳುತ್ತಿಲ್ಲ. ಗಿರಾಕಿ ತಪ್ಪಿಹೋಗಬಾರದೆಂದು ಹತ್ತು ದೇಶದ ಹೆಸರು ಬರೆಸುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ಕಂಡು ನಗುವುದರಲ್ಲಿ ದೋಷವಿಲ್ಲ. ಆದರೆ ಒಂದು ಮನೆತನ ಎರಡು ನಾಡುಗಳಲ್ಲಿ ಬಾಳಿ ಎರಡರ ಅಡುಗೆಯನ್ನೂ ಕಲಿತಿದ್ದರೆ, ಆ ಎರಡನ್ನೂ ಬಡಿಸುವುದು ಅದರ ಸಹಜ ಹಕ್ಕು. ನಗುವ ಮೊದಲು ಆ ಮನೆಯವರನ್ನು ಒಂದು ಮಾತು ಕೇಳಬೇಕೆಂಬುದಷ್ಟೇ ನನ್ನ ವಾದ.

ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಆ ತಾಯಿಯ ಕೈ ಹಿಡಿದ ವಿದ್ಯೆ ಇಂದು ಆ ನಾಡಿನ ಹೆಣ್ಣುಮಕ್ಕಳಿಗೆ ನಿಷಿದ್ಧವಾಗಿದೆ. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿನ ವಶವಾದ ನಂತರ ಆರನೆಯ ತರಗತಿಗಿಂತ ಮೇಲೆ ಹುಡುಗಿಯರಿಗೆ ಶಾಲೆಯಿಲ್ಲದಂತಾಯಿತು. 2022ರ ಮಾರ್ಚಿನಲ್ಲಿ ಪ್ರೌಢಶಾಲೆಗಳು ತೆರೆಯುವುವೆಂದು ಸಮವಸ್ತ್ರ ಧರಿಸಿ ಹೋದ ಮಕ್ಕಳನ್ನು ಅದೇ ದಿನ ಮನೆಗೆ ಕಳುಹಿಸಲಾಯಿತು. ಆ ವರ್ಷದ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಹುಡುಗಿಯರ ಹಾಜರಿ ಕೂಗಿದವನು ನಾನು. ಸಮವಸ್ತ್ರ ತೊಟ್ಟು ಬಂದ ಮಗುವನ್ನು ಶಾಲೆಯ ಗೇಟಿನಿಂದಲೇ ಹಿಂದಕ್ಕೆ ಕಳುಹಿಸುವುದೆಂದರೇನೆಂದು ಅಂಥವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇಶಾಂತರ ಹೋದವರು ಅಡುಗೆಯನ್ನು ಹೇಗೋ ಉಳಿಸಿಕೊಂಡಾರು. ಇನ್ನೊಂದು ಭಾಷೆಯಲ್ಲಿ ಅನ್ನ ಸಂಪಾದಿಸುವ ಶಕ್ತಿಯನ್ನು ಮಾತ್ರ ಶಾಲೆಯೇ ಕೊಡಬೇಕು.

ಇದು ದೂರದ ಮಾತೇನೂ ಅಲ್ಲ, ಓದುಗ ಮಿತ್ರರೆ. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಆಫ್ಘನ್ ವಿದ್ಯಾರ್ಥಿಗಳು ಓದಿದ್ದಾರೆ. 2021ರಲ್ಲಿ ಊರಿಗೆ ಹಿಂದಿರುಗಲಾಗದೆ ಇಲ್ಲಿಯೇ ಕಂಗಾಲಾಗಿದ್ದವರೂ ಇದ್ದರು. ಹೋಟೆಲಿನಲ್ಲಿ ಅವರ ಪಲಾವನ್ನು ಹೊಗಳುವ ನಾವು, ಅವರು ಬಾಡಿಗೆಗೆ ಕೋಣೆ ಕೇಳಿಕೊಂಡು ಬಂದಾಗ ನೂರೆಂಟು ಪ್ರಶ್ನೆ ಹಾಕುತ್ತೇವೆ. ಮನೆ ಖಾಲಿಯಿರುವವರು ಅಂತಹ ವಿದ್ಯಾರ್ಥಿಗೆ, ಅದರಲ್ಲೂ ವಿದ್ಯಾರ್ಥಿನಿಗೆ, ಇಲ್ಲವೆನ್ನುವ ಮೊದಲು ಮಲಾಲಯಿ ಶಾಲೆಯಲ್ಲಿ ಓದಿದ ಆ ತಾಯಿಯನ್ನು ಒಮ್ಮೆ ನೆನೆಯಬೇಕೆಂದು ಈ ನಿವೃತ್ತ ಮೇಷ್ಟ್ರ ಕೋರಿಕೆ.