ಮಾತ್ರೆಗೂ ಲೆಕ್ಕ ಇರಲಿ

ಹರಿಹರದಲ್ಲಿ ದೊಡ್ಡ ಕಾಯಿಲೆ ಎಂದರೆ ದಾವಣಗೆರೆ ಆಸ್ಪತ್ರೆಗೆ ಓಡುತ್ತೇವೆ. ಅಲ್ಲಿ ರೋಗಿಯ ಜೊತೆ ಉಳಿಯೋದು ನೀವೇ ಅಲ್ವೇ? ಸೋಂಕು ಬಹುಪಾಲು ಹರಡುವುದು ಕೈಗಳಿಂದ. ರೋಗಿಯನ್ನು ಮುಟ್ಟುವ ಮೊದಲೂ, ಮುಟ್ಟಿದ ಮೇಲೂ ಸೋಪು ಹಾಕಿ ಕೈ ತೊಳೆಯಿರಿ. "ಡ್ರಿಪ್ ಸೂಜಿ, ಮೂತ್ರದ ಪೈಪು ಇನ್ನೂ ಬೇಕಾ ಡಾಕ್ಟ್ರೇ?" ಎಂದು ದಿನಾ ಕೇಳಿ. ಹೆಚ್ಚು ದಿನ ಇದ್ದಷ್ಟೂ ಸೋಂಕಿನ ಭಯ ಹೆಚ್ಚು.

ಆ್ಯಂಟಿಬಯಾಟಿಕ್ ಯಾತಕ್ಕೆ, ಎಷ್ಟು ದಿನ ಅಂತಲೂ ಕೇಳಿ. ಬೇಡದಿದ್ದಾಗ ನುಂಗಿದರೆ ಕ್ರಿಮಿಗಳು ಔಷಧಿಗೆ ಬಗ್ಗದಂತಾಗಿ, ಬೇಕಾದಾಗ ಅದು ಕೆಲಸ ಮಾಡದು. 2014ರಿಂದ ಎಚ್1 ಪಟ್ಟಿಯ ಔಷಧಿ ಮಾರುವ ಮೆಡಿಕಲ್ ಶಾಪಿನವರು ರೋಗಿ, ವೈದ್ಯರ ಹೆಸರು ಬರೆದು 3 ವರ್ಷ ಇಡಲೇಬೇಕು. ಹಾಲಿನ ಲೆಕ್ಕ ಕ್ಯಾಲೆಂಡರಿನಲ್ಲಿ ಬರೆಯುವ ನಮಗೆ ಮಾತ್ರೆಯ ಲೆಕ್ಕ ಕಷ್ಟವೇ?