ಕರ್ನಲ್ ಸಣ್ಣಗಾದರೆ ಲಾಭ ಯಾರಿಗೆ?

ಲಿನಕ್ಸ್ ಕರ್ನಲ್ ಅಂದರೆ ವಿಜ್ಞಾನದ ಹುಡುಗರ ಪಾಡು, ಬಿ.ಕಾಂ.ನವರಿಗೆ ಅದರ ಉಸಾಬರಿ ಯಾಕೆ ಅಂತ ಗೆಳೆಯರು ಕೇಳ್ತಾರೆ. ನನಗೇನೋ ಇದು ಶುದ್ಧ ಜಮಾ-ಖರ್ಚಿನ ಪ್ರಶ್ನೆಯಾಗಿಯೇ ಕಾಣುತ್ತದೆ.

ಆಂಧ್ರದ ಫೈಬರ್‌ನೆಟ್ಟನ್ನೇ ನೋಡಿ. 2017ರ ಡಿಸೆಂಬರಿನಲ್ಲಿ ವಿಜಯವಾಡದ ಬಳಿಯ ವೆಲಗಪೂಡಿಯಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದರು. ಜಾಲದ ನಿಯಂತ್ರಣ ಕೇಂದ್ರವನ್ನು ವಿಶಾಖಪಟ್ಟಣದಲ್ಲಿ ಇಟ್ಟರು. ಕರೆಂಟು ಕಂಬದ ಮೇಲೇ ತಂತಿ ಎಳೆದು, ಟೀವಿ, ಫೋನು, ಇಂಟರ್‌ನೆಟ್ಟು ಮೂರೂ ಸೇರಿ ತಿಂಗಳಿಗೆ 149 ರೂಪಾಯಿ ಅಂದರು. ಅಷ್ಟು ಕಡಿಮೆ ದರಕ್ಕೆ ಗಿಟ್ಟಬೇಕಾದರೆ ಮನೆಯಲ್ಲಿಡುವ ಪೆಟ್ಟಿಗೆ ಅಗ್ಗವಾಗಿರಲೇಬೇಕು. ಇಂಥ ಪೆಟ್ಟಿಗೆಗಳೊಳಗೆ ಸಾಮಾನ್ಯವಾಗಿ ಕೂತಿರುವುದು ಲಿನಕ್ಸೇ. ಒಂದೊಂದರಲ್ಲಿ ಹತ್ತು ರೂಪಾಯಿಯ ಮೆಮರಿ ಉಳಿಸಿದರೆ ಲಕ್ಷ ಮನೆಗೆ ಹತ್ತು ಲಕ್ಷ ಉಳಿಯಿತಲ್ಲ!

ಉಳಿಸೋದು ಹೇಗೆ? 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೊರಬಿಟ್ಟಾಗ ಸುಮಾರು 10,000 ಸಾಲಿದ್ದ ಕರ್ನಲ್ ಈಗ 3 ಕೋಟಿ ದಾಟಿದೆ. ಅದರಲ್ಲಿ ಬಹುಪಾಲು ಡ್ರೈವರುಗಳು, ಅಂದರೆ ಬಗೆಬಗೆಯ ಯಂತ್ರಭಾಗಗಳನ್ನು ಮಾತಾಡಿಸುವ ತುಣುಕುಗಳು. ಟೀವಿ ಪೆಟ್ಟಿಗೆಗೆ ಫ್ಲಾಪಿಯ ಡ್ರೈವರು ಯಾಕೆ ಬೇಕು? ಕರ್ನಲ್ ಕಟ್ಟುವ ಮುಂಚೆ ಒಂದೊಂದಕ್ಕೂ ಉತ್ತರ ಹೇಳಬಹುದು. ಒಳಗೇ ಇರಲಿ, ಬೇಡ, ಅಥವಾ ಕರೆದಾಗ ಬರಲಿ. 2014ರಲ್ಲಿ ಬಂದ 'ಟೈನಿಕಾನ್ಫಿಗ್' ಹೆಚ್ಚುಕಡಿಮೆ ಎಲ್ಲಕ್ಕೂ ಬೇಡ ಅಂದುಕೊಂಡೇ ಶುರುವಾಗುತ್ತದೆ. ಆಮೇಲೆ ಬೇಕಾದ್ದನ್ನು ಒಂದೊಂದಾಗಿ ಸೇರಿಸಿಕೊಳ್ಳಬೇಕು. ಆಯಕಟ್ಟಿನದೊಂದು ಬಿಟ್ಟುಹೋಯಿತೋ, ಪೆಟ್ಟಿಗೆ ಏಳೋದೇ ಇಲ್ಲ.

ಸರಿ, ಜಾಗ ಉಳಿಯಿತು. ಅದು ಯಾರ ಖಾತೆಗೆ? ತಯಾರಕ ಅದನ್ನು ಲಾಭದ ಕಲಮಿಗೆ ಬರೆದುಕೊಳ್ಳುತ್ತಾನೆ. ಬೇರೆ ದಾರಿಯೂ ಇದೆ ಅನ್ನೋದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್ಕೋರ್ ಕಂಪನಿಯವರೂ ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ಲಿನಕ್ಸಿನ ಮೇಲೇ ನಡೆಯುತ್ತಿತ್ತು. ಹಾರ್ಡ್ ಡಿಸ್ಕಿಲ್ಲ, ಮೆಮರಿ ಬರೀ 32 ಎಂಬಿ. ಅಷ್ಟರಲ್ಲೇ ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ಏರ್ಪಾಡಿಗೂ ಜಾಗ ಮಾಡಿದ್ದರು, ಓದು ಬಾರದವರಿಗಾಗಿ. ವ್ಯಾಪಾರದಲ್ಲಿ ಅದು ಸೋತಿತು ನಿಜ. 50,000 ಮಾರುವ ಗುರಿಯಿದ್ದದ್ದು 2005ರ ಹೊತ್ತಿಗೆ ಸುಮಾರು 4,000ಕ್ಕೆ ನಿಂತಿತ್ತು. ಆದರೂ ಉಳಿಸಿದ್ದನ್ನು ಎಲ್ಲಿ ಖರ್ಚು ಮಾಡಬೇಕೆಂಬ ಲೆಕ್ಕ ಅವರಿಗೆ ಸರಿಯಾಗಿ ಗೊತ್ತಿತ್ತು ಅಂತಲೇ ನನ್ನ ವಾದ.

ಅಕ್ಷರ, ಧ್ವನಿ ಇವೆಲ್ಲ ಕರ್ನಲ್ಲಿನ ಒಳಗಿಲ್ಲ, ಮೇಲಿನ ಪದರದವು ಅಂತ ತಿಳಿದವರು ತಿದ್ದಬಹುದು. ಇರಲಿ, ಕೂರುವ ಜಾಗ ಒಂದೇ ತಾನೆ? ಕೆಳಗಿನದು ಕರಗಿದಷ್ಟೂ ಮೇಲೆ ತೆಲುಗಿಗೂ ಕನ್ನಡಕ್ಕೂ ಎಡೆ.

ಇನ್ನೊಂದು ಮಾತು. ಕರ್ನಲ್ಲಿನ ಪರವಾನಗಿಯಂತೆ, ಪೆಟ್ಟಿಗೆ ಕೊಟ್ಟವನು ಅದರಲ್ಲಿರುವ ಕರ್ನಲ್ಲಿನ ಮೂಲ ಸಾಲುಗಳನ್ನೂ ಕೇಳಿದ ಗಿರಾಕಿಗೆ ಕೊಡಲೇಬೇಕು. ಹಾಗೆ ಕೇಳಿದವರನ್ನು ನಾನಂತೂ ಕಂಡಿಲ್ಲ. ಮೊದಲ ಕಾಗದ ನಮ್ಮ ಸಂಘದಿಂದಲೇ ಹೋಗಲಿ; ಅಂಚೆ ಖರ್ಚು ನನ್ನದು.